ಗೋತಾಖೋರರ ಜಮಾತು

ನೀರಿನಲ್ಲಿ ಮುಳುಗುವವನಿಗೆ ಉರ್ದುವಿನಲ್ಲಿ ಗೋತಾಖೋರ ಎನ್ನುತ್ತಾರೆ. ಗೋತಾ ತಿನ್ನುವವನು ಎಂಬುದು ಅದರ ಅಕ್ಷರಶಃ ಅರ್ಥ. ಈ ಗೋತಾ ಕನ್ನಡಕ್ಕೂ ಬಂದಿದೆ. ಆದರೆ ಬರುವಾಗ ನೀರನ್ನು ಅಲ್ಲೇ ಬಿಟ್ಟು ಬಂದಂತಿದೆ. ನಮ್ಮಲ್ಲಿ ಗಾಳಿಪಟ ಗೋತಾ ಹೊಡೆಯುತ್ತದೆ, ಗಣಿತದ ಪರೀಕ್ಷೆಯಲ್ಲಿ ಹುಡುಗರು ಗೋತಾ ಹೊಡೆಯುತ್ತಾರೆ. ನೀರಿಗಿಳಿಯುವವರಿಗೆ ನಮ್ಮ ಪತ್ರಿಕೆಗಳು ಬೇರೆಯೇ ಪದ ಮಾಡಿಕೊಂಡಿವೆ, ಮುಳುಗು ತಜ್ಞರು ಅಂತ. ಈ ತಜ್ಞರು ಬರುವುದು ಸುದ್ದಿಯ ಕೊನೆಯ ಸಾಲಿನಲ್ಲಿ. ಮೊದಲ ಸಾಲಿನಲ್ಲಿ ಯಾರೋ ಗೆಳೆಯರೊಂದಿಗೆ ಈಜಲು ಹೋಗಿರುತ್ತಾರೆ, ಎರಡನೆಯ ಸಾಲಿನಲ್ಲಿ ಸುಳಿಗೆ ಸಿಕ್ಕಿರುತ್ತಾರೆ. ಮುಳುಗು ತಜ್ಞರ ಹೆಸರು ಕಂಡಿತೆಂದರೆ ಮುಂದೆ ಓದುವ ಅಗತ್ಯವಿಲ್ಲ.

ಹೆಣ ಹುಡುಕುವುದಕ್ಕಲ್ಲದೆ, ಸುಮ್ಮನೆ ಸಂತೋಷಕ್ಕೆಂದು ನೀರಿನ ತಳಕ್ಕೆ ಹೋಗಿಬರುವ ಜನರಿದ್ದಾರೆ, ಅವರಿಗೊಂದು ಸಂಘವಿದೆ, ಅದರಲ್ಲಿ ಕಲಿಸುವವರಿಗೂ ಕಾವಲು ಕಾಯುವವರಿಗೂ ಒಂದು ಪೈಸೆ ಸಂಬಳವಿಲ್ಲ ಎಂದರೆ ನಮ್ಮ ಹರಿಹರದ ಮೊಹಲ್ಲಾದಲ್ಲಿ ಯಾರೂ ನಂಬುವುದಿಲ್ಲ. ನಮ್ಮ ಆಪಾ ಅಂತೂ ನಂಬಲೇ ಇಲ್ಲ. 2023ರ ಬೇಸಿಗೆಯಲ್ಲಿ ನಾನು ಎರಡು ತಿಂಗಳು ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೊರಟಾಗ ಆಕೆ ಉಪ್ಪಿನಕಾಯಿ, ಶಾವಿಗೆ, ಮಗಳಿಗೆಂದು ಹೊಲಿಸಿದ ಎರಡು ಸಲ್ವಾರುಗಳನ್ನು ನನ್ನ ಪೆಟ್ಟಿಗೆಗೆ ತುಂಬುತ್ತ ಹೇಳಿದ ಮಾತು ಇಷ್ಟೇ: "ಅದೇನೋ ನೀರೊಳಗೆ ಹೋಗೋ ಸಂಘ ಸೇರ್ಕೊಂಡಿದ್ದಾಳಂತೆ. ನೀನು ಕಣ್ಣಾರೆ ನೋಡಿ ಬಾ. ಬಿಡಿಸೋಕೆ ಆದ್ರೆ ಬಿಡಿಸು."

ಆಪಾಳ ಮಗಳು ಲೆಸ್ಟರಿನಲ್ಲೇ ಓದಿ ಅಲ್ಲೇ ಕೆಲಸಕ್ಕೆ ಸೇರಿದವಳು. ಮದುವೆಯಾಗಿದೆ, ಗಂಡ ಗುಜರಾತಿನ ಕಡೆಯವನು. ಅವಳು ಹಗ್ಗ ಕಟ್ಟಿಕೊಂಡು ಬೆಟ್ಟ ಹತ್ತಿದ್ದರೂ ಆಪಾ ಇಷ್ಟು ಗಾಬರಿಯಾಗುತ್ತಿರಲಿಲ್ಲ. ನಮ್ಮ ಮನೆಗೂ ನೀರಿಗೂ ಒಂದು ಹಳೆಯ ಲೆಕ್ಕವಿದೆ. ಅದನ್ನು ಹೇಳದೆ ಈ ಬರಹ ಮುಂದೆ ಹೋಗಲಾರದು.

1986ರ ಏಪ್ರಿಲ್. ಆಪಾಗೆ ಹದಿನೇಳು, ಭಾಯಿಜಾನ್‌ಗೆ ಹದಿನಾಲ್ಕು, ನನಗೆ ಒಂಬತ್ತು. ತುಂಗಭದ್ರೆಯಲ್ಲಿ ಆಗ ಮಕ್ಕಳು ನಡೆದು ದಾಟುವಷ್ಟು ನೀರು. ಮರಳು ತೆಗೆದು ಬಿಟ್ಟ ಗುಂಡಿ ಮಾತ್ರ ಮೇಲಿನಿಂದ ಕಾಣುತ್ತಿರಲಿಲ್ಲ. ಭಾಯಿಜಾನ್ ಮೂವರು ಗೆಳೆಯರೊಂದಿಗೆ ಹೋದ, ಮೂವರು ವಾಪಸು ಬಂದರು. ಸಂಜೆಗೆ ಅಂಬಿಗರು ಹರಿಗೋಲು ತಂದರು. ಅವರ ಬಳಿ ಇದ್ದದ್ದು ಒಂದು ಉದ್ದನೆಯ ಬಿದಿರ ಗಳ, ಒಂದು ಹಗ್ಗ, ಮತ್ತು ಎದೆಯಲ್ಲಿ ಹಿಡಿಯುವಷ್ಟು ಉಸಿರು. ದಡದಲ್ಲಿ ಕೂತ ಹೆಂಗಸರ ನಡುವೆ ನಾನೂ ಕೂತಿದ್ದೆ. ಒಬ್ಬ ಮುಳುಗಿದ ಕೂಡಲೇ ಎಲ್ಲರೂ ತಾವೂ ಉಸಿರು ಹಿಡಿಯುತ್ತಿದ್ದರು. ಅವನ ತಲೆ ಬರಿದೇ ಮೇಲೆ ಬಂದಾಗ ಎಲ್ಲರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು. ಮರುದಿನ ಜೊಹರ್ ನಮಾಜಿನ ಹೊತ್ತಿಗೆ ಸಿಕ್ಕ. ಅಬ್ಬಾ ಜೇಬಿನಿಂದ ನೋಟು ತೆಗೆದರು. ಅಂಬಿಗರಲ್ಲಿ ಹಿರಿಯನಾದವನು ಒದ್ದೆ ಕೈ ಮುಂದೆ ಚಾಚಿ ತಡೆದ. "ಇದಕ್ಕೆ ರೊಕ್ಕ ತಗಂಬಾರ್ದು ಸಾಬ್ರೆ" ಎಂದ. ಒಂದು ಕಟ್ಟು ಬೀಡಿ ಮಾತ್ರ ಇಸಿದುಕೊಂಡ. ನೀರಿನಲ್ಲಿ ಮುಳುಗಿ ಸತ್ತವರಿಗೆ ಶಹೀದರ ದರ್ಜೆ ಉಂಟೆಂದು ಮೌಲ್ವಿ ಸಾಹೇಬರು ಅಮ್ಮಿಯನ್ನು ಸಮಾಧಾನ ಮಾಡಿದರು. ಅಮ್ಮಿಗೆ ಸಮಾಧಾನ ಆಯಿತೋ ಇಲ್ಲವೋ, ಮನೆಯ ಹಿತ್ತಲ ಬಾವಿಗೆ ಮಾತ್ರ ಆ ವಾರವೇ ಕಬ್ಬಿಣದ ಮುಚ್ಚಳ ಬಂತು. "ಪಾನಿ ಪೆ ಭರೋಸಾ ನಕ್ಕೋ" ಎಂಬುದು ನಮ್ಮ ಮನೆಯ ಕಾನೂನಾಯಿತು. ನೀರನ್ನು ನಂಬಬೇಡ. ನಾನು ಇಂದಿಗೂ ಈಜು ಬಾರದವಳು.

ಲೆಸ್ಟರ್ ತಲುಪಿದ ನಾಲ್ಕನೆಯ ದಿನವೇ ಸೊಸೆ (ಆಪಾಳ ಮಗಳನ್ನು ನಾನು ಕರೆಯುವುದು ಹಾಗೆಯೇ) ನನ್ನನ್ನು ಈಜುಕೊಳಕ್ಕೆ ಕರೆದುಕೊಂಡು ಹೋದಳು. ರಾತ್ರಿ ಒಂಬತ್ತು ಗಂಟೆ. ಸಾರ್ವಜನಿಕರೆಲ್ಲ ಹೋದ ಮೇಲೆ ಒಂದು ತಾಸಿಗೆ ಸಂಘದವರು ಆ ಕೊಳವನ್ನು ಬಾಡಿಗೆಗೆ ಹಿಡಿಯುತ್ತಾರೆ. ಹೊರಗೆ ಒಂದು ಹಳೆಯ ವ್ಯಾನು. ಅದರಿಂದ ಕಬ್ಬಿಣದ ಸಿಲಿಂಡರುಗಳನ್ನು, ಕೊಳವೆಗಳನ್ನು, ರಬ್ಬರಿನ ಕಾಲ್ಚೀಲಗಳನ್ನು ಇಳಿಸುತ್ತಿದ್ದವರನ್ನು ಕೂಲಿಯವರೆಂದೇ ನಾನು ಎಣಿಸಿದ್ದೆ. ಅವರಲ್ಲಿ ಒಬ್ಬ ಸಂಘದ ಅಧ್ಯಕ್ಷ, ಇನ್ನೊಬ್ಬಾಕೆ ಖಜಾಂಚಿ. ಶಾಲೆಯ ಮೇಷ್ಟ್ರು, ನಿವೃತ್ತ ಬಸ್ ಚಾಲಕ, ಕಾಲೇಜು ಹುಡುಗಿ, ಬ್ಯಾಂಕಿನ ನೌಕರ ಎಲ್ಲರೂ ಸಾಲಾಗಿ ನಿಂತು ಕೈಯಿಂದ ಕೈಗೆ ಸಾಮಾನು ದಾಟಿಸುತ್ತಿದ್ದರು. ಉರೂಸಿನ ಹಿಂದಿನ ದಿನ ದೇಗ್‌ಗಳನ್ನು ಇಳಿಸಿದಂತೆ.

ಸೊಸೆಗೆ ಕಲಿಸಿದ ಗುರು ಎಪ್ಪತ್ತರ ಹತ್ತಿರದವನು. ಕೊಳಾಯಿ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು. ಕನ್ನಡಕದೊಳಗೆ ನೀರು ತುಂಬಿಸಿಕೊಂಡು, ಮೂಗಿನಿಂದ ಊದಿ ಅದನ್ನು ಹೊರಹಾಕುವುದು ಇವರ ಮೊದಲ ಪಾಠಗಳಲ್ಲಿ ಒಂದು. ಹೇಳುವುದಕ್ಕೆ ಸುಲಭ. ಮೂಗಿಗೆ ನೀರು ತಗುಲಿದ ಕೂಡಲೇ ಮನುಷ್ಯನ ಮೈ ತನ್ನಷ್ಟಕ್ಕೆ ಮೇಲಕ್ಕೆ ಓಡಲು ನೋಡುತ್ತದೆ. ಸೊಸೆ ಏಳು ವಾರ ಪ್ರತಿ ಗುರುವಾರ ಸೋತಳಂತೆ. ಎಂಟನೆಯ ವಾರವೂ ಆ ಮುದುಕ ಕೊಳದ ತಳದಲ್ಲಿ ಮೊಣಕಾಲೂರಿ ಅವಳ ಎದುರಿಗೆ ಕೂತಿದ್ದನಂತೆ. ದುಡ್ಡು ತೆಗೆದುಕೊಂಡು ಕಲಿಸುವವನಾಗಿದ್ದರೆ ಮೂರನೆಯ ವಾರಕ್ಕೆ ನಿನ್ನಿಂದಾಗದು ಎನ್ನುತ್ತಿದ್ದ ಎಂದಳು ಸೊಸೆ.

ಈ ಸಂಘ ಬ್ರಿಟಿಷ್ ಸಬ್-ಆಕ್ವಾ ಕ್ಲಬ್‌ನ ಒಂದು ಶಾಖೆ. ಮೂಲ ಸಂಘ ಹುಟ್ಟಿದ್ದು 1953ರ ಅಕ್ಟೋಬರಿನಲ್ಲಿ, ಲಂಡನ್ನಿನಲ್ಲಿ. ಆಸ್ಕರ್ ಗುಗೆನ್ ಮತ್ತು ಪೀಟರ್ ಸ್ಮಾಲ್ ಎಂಬಿಬ್ಬರು ಅದನ್ನು ಕಟ್ಟಿದರು. ಅದಕ್ಕೆ ಹತ್ತು ವರ್ಷ ಮೊದಲು, 1943ರಲ್ಲಿ, ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾಂ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಉಪಕರಣವನ್ನು ಸಿದ್ಧಪಡಿಸಿದ್ದರು. ಅಲ್ಲಿಯತನಕ ತಲೆಗೆ ತಾಮ್ರದ ಹಂಡೆಯಂಥದ್ದನ್ನು ಹಾಕಿಕೊಂಡು, ಮೇಲಿನಿಂದ ಕೊಳವೆಯಲ್ಲಿ ಗಾಳಿ ತರಿಸಿಕೊಂಡು ಇಳಿಯುತ್ತಿದ್ದರು. ಅದು ವೃತ್ತಿಯವರ, ನೌಕಾಪಡೆಯವರ ಕೆಲಸ. ಹೊಸ ಉಪಕರಣ ಬಂದ ಮೇಲೆ ಅಂಗಡಿಯವನೂ ಗುಮಾಸ್ತನೂ ಇಳಿಯಬಹುದೆಂದಾಯಿತು. ಆದರೆ ಕಲಿಸುವವರು ಯಾರು? ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸುವುದು, ಕಲಿತವರು ಮುಂದಿನವರಿಗೆ ಕಲಿಸುವುದು ಎಂಬ ಏರ್ಪಾಟು ಹೀಗೆ ಶುರುವಾಯಿತು. ಈಗಲೂ ಶಾಖೆಗಳಲ್ಲಿ ಅದೇ ನಡೆದಿದೆ. ಪೀಟರ್ ಸ್ಮಾಲ್ 1962ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದ ಬಳಿ ಸಾವಿರ ಅಡಿ ಆಳಕ್ಕೆ ಇಳಿಯುವ ಪ್ರಯೋಗವೊಂದರಲ್ಲಿ ಪ್ರಾಣ ಕಳೆದುಕೊಂಡರು. ಸಂಘ ಕಟ್ಟಿದವನನ್ನೇ ನೀರು ತೆಗೆದುಕೊಂಡಿತು ಎಂಬ ಈ ಸಂಗತಿಯನ್ನು ನಾನು ಆಪಾಗೆ ಇಂದಿಗೂ ಹೇಳಿಲ್ಲ.

ನೀರು ಕೊಲ್ಲುವುದು ಮುಳುಗಿಸಿ ಮಾತ್ರವಲ್ಲ. ಕೆಳಗಿಳಿದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಹತ್ತು ಮೀಟರಿಗೆ ಅದು ಮೇಲಿದ್ದದ್ದರ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡುವ ಗಾಳಿಯ ಸಾರಜನಕ ರಕ್ತ ಮಾಂಸಗಳಲ್ಲಿ ಕರಗಿ ಕೂರುತ್ತದೆ. ಸಾವಕಾಶವಾಗಿ ಮೇಲೆ ಬಂದರೆ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಅವಸರದಿಂದ ಬಂದರೆ ಸೋಡಾ ಬಾಟಲಿ ಒಡೆದಂತೆ ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಏನು ಬೇಕಾದರೂ ಆಗಬಹುದು. ಹಾಲ್ಡೇನ್ ಎಂಬ ವಿಜ್ಞಾನಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ 1908ರಲ್ಲಿ ಇದರ ಲೆಕ್ಕ ಪ್ರಕಟಿಸಿದ. ಎಷ್ಟು ಆಳದಲ್ಲಿ ಎಷ್ಟು ಹೊತ್ತಿದ್ದವರು ಎಲ್ಲೆಲ್ಲಿ ನಿಂತು ಎಷ್ಟು ನಿಧಾನಕ್ಕೆ ಮೇಲೆ ಬರಬೇಕು ಎಂಬ ಕೋಷ್ಟಕಗಳು ಅಲ್ಲಿಂದ ಬೆಳೆದವು. ಮೇಕೆಗಳಿಗೆ ನಾವು ಋಣಿಗಳು ಎಂದು ಗುರು ನನಗೆ ಹೇಳಿದಾಗ, ನಮ್ಮ ಋಣ ಬಕ್ರೀದಿನ ತನಕ ಮಾತ್ರ ಎಂದು ಸೊಸೆ ನಕ್ಕಳು.

ಇವರಲ್ಲಿ ಯಾರೂ ಒಂಟಿಯಾಗಿ ಇಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ನೀರಿಗೆ ಕಾಲಿಡುವ ಮೊದಲು ಒಬ್ಬರು ಇನ್ನೊಬ್ಬರ ಮೈಮೇಲಿನ ಪ್ರತಿ ಪಟ್ಟಿ, ಪ್ರತಿ ಬಕಲು ಮುಟ್ಟಿ ನೋಡುತ್ತಾರೆ. ಎಷ್ಟು ಗಾಳಿ ಇದೆ, ಭಾರ ಕಳಚುವ ಕೊಂಡಿ ಎಲ್ಲಿದೆ ಎಂದು ಬಾಯಿಬಿಟ್ಟು ಕೇಳುತ್ತಾರೆ. ನಲವತ್ತು ವರ್ಷ ಇಳಿದವನೂ ಹೊಸಬಳಿಂದ ಹೀಗೆ ತಪಾಸಣೆ ಮಾಡಿಸಿಕೊಳ್ಳಬೇಕು. ಅದರಲ್ಲಿ ಅವಮಾನವಿಲ್ಲ. ಎಲ್ಲರ ಎದೆಯ ಮೇಲೂ ಹಳದಿ ಬಣ್ಣದ ಇನ್ನೊಂದು ಉಸಿರ್ಕೊಳವೆ ನೇತಾಡುತ್ತಿರುವುದನ್ನು ಕಂಡು, ಒಂದು ಕೆಟ್ಟರೆ ಇನ್ನೊಂದಕ್ಕಿರಲಿ ಅಂತಲೋ ಎಂದು ಕೇಳಿದೆ. "ಇಲ್ಲ ಖಾಲಾ, ಅದು ನನಗಲ್ಲ. ಜೊತೆಯವರಿಗೆ ಗಾಳಿ ಮುಗಿದರೆ ಕೊಡೋದಕ್ಕೆ" ಎಂದಳು ಸೊಸೆ.

ಇವರ ಇನ್ನೊಂದು ರಿವಾಜು ನನಗೆ ಬಹಳ ಹಿಡಿಸಿತು. ಪ್ರತಿ ವರ್ಷ ದೇಶದಲ್ಲಿ ಆದ ಅವಘಡಗಳನ್ನೆಲ್ಲ ಕೇಂದ್ರ ಸಂಘ ಒಂದು ವರದಿಯಾಗಿ ಅಚ್ಚು ಮಾಡುತ್ತದೆ. ಸತ್ತವರದ್ದು ಮಾತ್ರವಲ್ಲ, ಸ್ವಲ್ಪದರಲ್ಲಿ ಪಾರಾದವರದ್ದೂ. ಯಾರ ಹೆಸರೂ ಇಲ್ಲ, ಯಾವ ಶಾಖೆಯೆಂದೂ ಇಲ್ಲ. ಇಷ್ಟು ಆಳ, ಇಷ್ಟು ನಿಮಿಷ, ಹೀಗಾಯಿತು. ಸೊಸೆಯ ಮನೆಯಲ್ಲಿ ಒಂದು ವರದಿಯನ್ನು ರಾತ್ರಿ ಹಾಸಿಗೆಯಲ್ಲಿ ಕೂತು ಓದಿದೆ. ಕಥೆ ಬರೆಯುವವಳಾದ ನನಗೆ ಅಂಥ ಒಣ ಭಾಷೆ ಬರೆಯಲು ಬಂದಿಲ್ಲ, ಬರುವುದೂ ಇಲ್ಲ. ಒಂದೂ ವಿಶೇಷಣವಿಲ್ಲ, ಯಾರ ಮೇಲೂ ದೂರಿಲ್ಲ. ನಮ್ಮಲ್ಲಿ ಒಂದು ಅನಾಹುತವಾದರೆ ಮೊದಲು ತಕ್ದೀರ್ ಎನ್ನುತ್ತೇವೆ, ಆಮೇಲೆ ಯಾರ ತಪ್ಪು ಎಂದು ಬೀದಿಯಲ್ಲಿ ಕಿತ್ತಾಡುತ್ತೇವೆ. ಆಮೇಲೆ ಅದರ ಮಾತೇ ಬೇಡವೆಂದು ಮುಚ್ಚಿಡುತ್ತೇವೆ. ಹರಿಹರದ ಆ ಮರಳಿನ ಗುಂಡಿ ಎಲ್ಲಿತ್ತು, ಎಷ್ಟು ಆಳವಿತ್ತು ಎಂದು ಯಾರೂ ಬರೆದಿಡಲಿಲ್ಲ. ಅಲ್ಲಿ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದವರೂ ಇರಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ ಸ್ಟೋನಿ ಕೋವ್‌ಗೆ ಹೋದೆವು. ಅದೊಂದು ಕಲ್ಲಿನ ಕ್ವಾರಿ. 1958ರಲ್ಲಿ ಅಲ್ಲಿ ಗ್ರಾನೈಟ್ ತೆಗೆಯುವುದು ನಿಂತಿತು. ತಳದ ಬುಗ್ಗೆಗಳ ನೀರು ತಾನೇ ತುಂಬಿಕೊಂಡಿತು. ಅತಿ ಆಳದ ಕಡೆ 35 ಮೀಟರಿನಷ್ಟಿದೆ. ಕ್ವಾರಿಯ ಮೆಟ್ಟಿಲುಗಳೇ ನೀರಿನೊಳಗೆ ಹಂತಹಂತದ ಜಗಲಿಗಳಾಗಿವೆ. ಕಲಿಯುವವರಿಗೆ ಆರು ಮೀಟರಿನ ಜಗಲಿ, ನುರಿತವರಿಗೆ ಇನ್ನೂ ಕೆಳಗಿನದು. ಮುಳುಗಿ ನೋಡಲೆಂದೇ ಸ್ಟೇನ್‌ಗಾರ್ತ್ ಎಂಬ ಹಳೆಯ ಎಳೆದೋಣಿಯನ್ನು 2000ದಲ್ಲಿ ಅಲ್ಲಿ ಮುಳುಗಿಸಿದ್ದಾರೆ. ವಿಮಾನವೊಂದರ ಮುಂಭಾಗವೂ ಇದೆಯಂತೆ. ನಮ್ಮ ಕಡೆ ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಗಳಿಗೆ ಮಳೆಗಾಲದಲ್ಲಿ ನೀರು ತುಂಬುತ್ತದೆ, ಬೇಲಿಯಿರುವುದಿಲ್ಲ. ಅಲ್ಲೇನಾಗುತ್ತದೆಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು.

ತಣ್ಣನೆಯ ನೀರಿಗೆ ಇವರು ತೊಡುವುದು ಒಣ ಉಡುಪು. ಕುತ್ತಿಗೆ, ಮಣಿಕಟ್ಟುಗಳಲ್ಲಿ ಬಿಗಿಯಾಗಿ ಕೂತು ಒಳಗೆ ಒಂದು ಹನಿಯೂ ಬಾರದ ಹಾಗಿರುತ್ತದೆ. ಅದರ ಮೇಲೆ ತಲೆಗೆ ದಪ್ಪ ರಬ್ಬರಿನ ಮುಸುಕು. ಕಿವಿ, ಕೂದಲು, ಗಲ್ಲ ಎಲ್ಲ ಮುಚ್ಚಿ ಮುಖ ಮಾತ್ರ ಕಾಣುತ್ತದೆ. ದಡದಲ್ಲಿ ನೂರಾರು ಜನ ಗಂಡಸರು ಹೆಂಗಸರು ಒಂದೇ ಬಗೆಯ ಹಿಜಾಬಿನಲ್ಲಿ ನಿಂತಿರುವುದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಊರಿನ ಬೀದಿಯಲ್ಲಿ ಸೊಸೆಯ ತಲೆವಸ್ತ್ರವನ್ನು ತಿರುಗಿ ನೋಡುವವರಿದ್ದಾರೆ. ಇಲ್ಲಿ ಯಾರು ಯಾರನ್ನು ನೋಡಬೇಕು?

ಆ ದಿನದ ಉಸ್ತುವಾರಿ ಒಬ್ಬ ಹೆಂಗಸಿನದು. ಅವಳ ಕೈಯಲ್ಲಿ ಒಂದು ಸ್ಲೇಟು. ಯಾರು ಯಾರ ಜೊತೆ, ಎಷ್ಟು ಗಾಳಿ, ಎಷ್ಟು ಗಂಟೆಗೆ ಇಳಿದರು, ಎಷ್ಟು ಹೊತ್ತಿಗೆ ಬರಬೇಕು ಎಂದು ಬರೆದುಕೊಳ್ಳುವುದೇ ಕೆಲಸ. ಆ ದಿನ ಅವಳು ನೀರಿಗಿಳಿಯುವುದಿಲ್ಲ. ಸರದಿಯಂತೆ ಪ್ರತಿಯೊಬ್ಬರೂ ಹೀಗೆ ಒಂದೊಂದು ಭಾನುವಾರ ದಡಕ್ಕೆ ಕೊಡಬೇಕು. ಸೊಸೆ ಮತ್ತು ಆ ಮುದುಕ ಹತ್ತೂ ಇಪ್ಪತ್ತಕ್ಕೆ ಇಳಿದರು. ಸ್ವಲ್ಪ ಹೊತ್ತು ಗುಳ್ಳೆಗಳು ಕಂಡವು. ಆಮೇಲೆ ಬೇರೆಯವರ ಗುಳ್ಳೆಗಳೊಂದಿಗೆ ಬೆರೆತುಹೋದವು. ನನಗೆ ಯಾರೋ ಚಹಾ ತಂದುಕೊಟ್ಟರು, ಅದು ಕೈಯಲ್ಲೇ ತಣ್ಣಗಾಯಿತು. ಮೂವತ್ತೇಳು ವರ್ಷ ಹಿಂದಿನ ಹಾಗೆಯೇ ನಾನು ಉಸಿರು ಹಿಡಿದು ಕೂತಿದ್ದೇನೆಂದು ನನಗೆ ತಿಳಿದದ್ದು ಎದೆ ನೋಯತೊಡಗಿದಾಗ. ಆ ಹೆಂಗಸು ಅದನ್ನು ಕಂಡಳೇನೋ, ಪಕ್ಕಕ್ಕೆ ಬಂದು ಸ್ಲೇಟು ತೋರಿಸಿದಳು. ಇನ್ನೂ ಒಂಬತ್ತು ನಿಮಿಷ ಇದೆ ಎಂದಳು. ಭಯಪಡಬೇಡಿ ಎನ್ನಲಿಲ್ಲ. ಐದು ನಿಮಿಷ ಬಿಟ್ಟು, ಈಗ ಅವರು ಮೇಲಿನ ಜಗಲಿಯಲ್ಲಿ ಮೂರು ನಿಮಿಷ ನಿಂತಿರುತ್ತಾರೆ, ಅದು ಮೈಯಿಂದ ಗಾಳಿ ಹೋಗುವುದಕ್ಕೆ ಎಂದಳು. ಹರಿಹರದ ದಡದಲ್ಲಿ ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ.

ಎರಡು ಕಪ್ಪು ತಲೆಗಳು ಎದ್ದವು. ಇಬ್ಬರೂ ಒಂದೊಂದು ಕೈ ಎತ್ತಿ ನೆತ್ತಿಯ ಮೇಲಿಟ್ಟುಕೊಂಡರು. ನಮ್ಮಲ್ಲಿ ತಲೆಯ ಮೇಲೆ ಕೈಹೊತ್ತು ಕೂತರೆ ಎಲ್ಲ ಮುಗಿಯಿತೆಂದು ಅರ್ಥ. ನಾನು ಎದ್ದು ನಿಂತೆ. ಉಸ್ತುವಾರಿಯ ಹೆಂಗಸು ತಾನೂ ನೆತ್ತಿಯ ಮೇಲೆ ಕೈಯಿಟ್ಟು ತೋರಿಸಿ ಸ್ಲೇಟಿನಲ್ಲಿ ಆ ಎರಡು ಹೆಸರು ಹೊಡೆದುಹಾಕಿದಳು. ನಾವು ಕ್ಷೇಮ ಎಂಬುದಕ್ಕೆ ಇವರ ಸನ್ನೆ ಅದೇ. ಹೆಬ್ಬೆರಳೆತ್ತಿ ತೋರಿಸಿದರೆ ಚೆನ್ನಾಗಿದೆ ಎಂದಲ್ಲ, ಮೇಲಕ್ಕೆ ಹೋಗೋಣ ಎಂದು. ನೀರಿನವರ ಭಾಷೆಯನ್ನು ನೆಲದವರು ಹೊಸದಾಗಿಯೇ ಕಲಿಯಬೇಕು.

ಇಂಥ ಹವ್ಯಾಸಿಗಳು ಮಾಡಿದ ದೊಡ್ಡ ಕೆಲಸಗಳೂ ಇವೆ. ಎಂಟನೆಯ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿತ್ತು. 1965ರಲ್ಲಿ ಅಲೆಕ್ಸಾಂಡರ್ ಮೆಕೀ ಎಂಬ ಲೇಖಕ ಇದೇ ಸಂಘದ ಸೌತ್‌ಸೀ ಶಾಖೆಯವರನ್ನು ಕಟ್ಟಿಕೊಂಡು ಹುಡುಕಲು ಹೊರಟ. ವಾರಾಂತ್ಯಗಳಲ್ಲಿ ಕೆಸರು ಕೆದಕಿ ಕೆದಕಿ 1971ರಲ್ಲಿ ನೌಕೆಯ ಮರ ಕಂಡರು. 1982ರ ಅಕ್ಟೋಬರ್ 11ರಂದು ಅದು ಮೇಲೆ ಬಂತು. ಕೊನೆಯ ವರ್ಷಗಳಲ್ಲಿ ಸುಮಾರು 500 ಸ್ವಯಂಸೇವಕರು ಅದಕ್ಕಾಗಿ ಮುಳುಗಿದ್ದರು. ಆದರೆ ನನ್ನನ್ನು ತಟ್ಟಿದ್ದು ರಾಜನ ಹಡಗಲ್ಲ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಮೊದಲ ಮಹಾಯುದ್ಧದಲ್ಲಿ ಮುಳುಗಿದ ವ್ಯಾಪಾರಿ ಹಡಗುಗಳ ಬಗ್ಗೆ ಸೌತಾಂಪ್ಟನ್ನಿನ ಒಂದು ಸಂಸ್ಥೆ ಸ್ವಯಂಸೇವಕರ ನೆರವಿನಿಂದ ಮಾಹಿತಿ ಕಲೆಹಾಕಿದೆ. ಆ ಹಡಗುಗಳಲ್ಲಿ ಸತ್ತ ಏಷ್ಯಾ, ಆಫ್ರಿಕಾದ ನಾವಿಕರ ಹೆಸರುಗಳನ್ನೂ ಹುಡುಕಿದೆ. ಬ್ರಿಟಿಷರ ಉಗಿ ಹಡಗುಗಳ ಬಾಯ್ಲರಿಗೆ ಕಲ್ಲಿದ್ದಲು ಸುರಿಯುತ್ತಿದ್ದವರು ನಮ್ಮ ಖಲಾಸಿಗಳು. ಕೊಂಕಣ, ಗುಜರಾತ್, ಸಿಲ್ಹೆಟ್‌ಗಳಿಂದ ಹೋದವರು, ಬಹಳ ಮಂದಿ ಮುಸಲ್ಮಾನರು. ಹಡಗಿನ ಹೊಟ್ಟೆಯಲ್ಲಿ ದುಡಿಯುತ್ತಿದ್ದುದರಿಂದ ಟಾರ್ಪೆಡೊ ಬಡಿದಾಗ ಮೇಲೆ ಓಡಿ ಬರುವ ಅವಕಾಶ ಅವರಿಗೆ ಕಡಿಮೆ. ಮುಂಬೈಯಲ್ಲಿರುವ ಸ್ಮಾರಕದಲ್ಲಿ ಆ ಯುದ್ಧದಲ್ಲಿ ಸತ್ತು, ಕಡಲನ್ನು ಬಿಟ್ಟರೆ ಬೇರೆ ಗೋರಿಯಿಲ್ಲದ 2 ಸಾವಿರಕ್ಕೂ ಹೆಚ್ಚು ನಾವಿಕರ ಸ್ಮರಣೆಯಿದೆ. ಗುಸ್ಲ್ ಇಲ್ಲ, ಕಫನ್ ಇಲ್ಲ, ಜನಾಜಾ ಇಲ್ಲ. ಭಾಯಿಜಾನ್‌ಗೆ ಇವೆಲ್ಲ ಸಿಕ್ಕವು, ಒಂದು ಕಟ್ಟು ಬೀಡಿಯ ಋಣದಲ್ಲಿ.

ಈ ಸಂಘದವರೆಲ್ಲ ಔಲಿಯಾಗಳು ಎಂದೇನೂ ನಾನು ಹೇಳುತ್ತಿಲ್ಲ. ಅವರ ಕಮಿಟಿ ಸಭೆಯೊಂದಕ್ಕೆ ಹೋಗಿ ಮೂಲೆಯಲ್ಲಿ ಕೂತಿದ್ದೆ. ಒಂದೂವರೆ ಗಂಟೆ ದೋಣಿಯ ಇಂಜಿನ್ನಿನ ಜಗಳ. ಹೊಸದು ಕೊಳ್ಳಬೇಕೋ, ಹಳೆಯದನ್ನೇ ರಿಪೇರಿ ಮಾಡಿಸಬೇಕೋ? ಒಬ್ಬ ರಾಜೀನಾಮೆ ಕೊಡುತ್ತೇನೆಂದ, ಇನ್ನೊಬ್ಬ ಹೋದ ವರ್ಷವೂ ಹೀಗೇ ಹೇಳಿದ್ದೆ ಎಂದ. ಭಾಷೆ ಬದಲಾದರೆ ನಮ್ಮ ಮೊಹಲ್ಲಾದ ಜಮಾತ್ ಕಮಿಟಿಯೇ. ಸದಸ್ಯರಲ್ಲಿ ನರೆಗೂದಲೇ ಹೆಚ್ಚು. ಸೊಸೆಯನ್ನೂ ಒಬ್ಬ ಪಂಜಾಬಿ ಹುಡುಗನನ್ನೂ ಬಿಟ್ಟರೆ ಎಲ್ಲರೂ ಬಿಳಿಯರು. ಲೆಸ್ಟರಿನಂಥ ಊರಿನಲ್ಲಿ, ಅರ್ಧ ಅಂಗಡಿಗಳ ಮೇಲೆ ನಮ್ಮ ಕಡೆಯ ಹೆಸರುಗಳಿರುವ ಊರಿನಲ್ಲಿ, ಇದೇಕೆ ಹೀಗೆ? ಸಾಮಾನು ದುಬಾರಿ ಎಂಬುದೊಂದು ಕಾರಣ. ಹೊಸಬರಿಗೆ ಸಂಘ ತನ್ನ ಸಾಮಾನನ್ನೇ ಎರವಲು ಕೊಡುತ್ತದಾದರೂ ಒಣ ಉಡುಪನ್ನು ಮೈ ಅಳತೆಗೆ ತಾವೇ ಕೊಳ್ಳಬೇಕು. ಕೊಳದ ನಂತರ ಎಲ್ಲರೂ ಸೇರುವುದು ಪಬ್ಬಿನಲ್ಲಿ ಎಂಬುದು ಇನ್ನೊಂದು. ಸೊಸೆ ಅಲ್ಲಿ ಕಿತ್ತಳೆ ರಸ ಹಿಡಿದು ಕೂರುತ್ತಾಳೆ. ಅದನ್ನು ಯಾರೂ ಕೇಳುವುದಿಲ್ಲ, ಆದರೆ ಜಾಗ ಬದಲಾಯಿಸೋಣ ಎಂದೂ ಯಾರಿಗೂ ಹೊಳೆದಿಲ್ಲ. ನಮ್ಮವರ ಕಡೆಯ ಕಾರಣವೂ ಒಂದಿದೆ, ಅದು ಅಮ್ಮಿಯ ಕಾನೂನು.

ನಮ್ಮಲ್ಲೂ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದರೆ ಸ್ಕೂಬಾ ಉಂಟು. ದುಡ್ಡು ಕೊಟ್ಟರೆ ತರಬೇತಾದವನೊಬ್ಬ ಕೈಹಿಡಿದು ಕೆಳಗೆ ಕರೆದೊಯ್ದು ಮೀನು ತೋರಿಸಿ, ಫೋಟೋ ತೆಗೆದು ಮೇಲೆ ತರುತ್ತಾನೆ. ಅದರಲ್ಲಿ ಕೆಟ್ಟದ್ದೇನಿಲ್ಲ, ಅವನೂ ಹೊಟ್ಟೆ ಹೊರೆಯಬೇಕು. ಆದರೆ ಮೇಲೆ ಬಂದ ಮೇಲೆ ಇಬ್ಬರಿಗೂ ಸಂಬಂಧವಿಲ್ಲ. ಲೆಸ್ಟರಿನ ಮುದುಕ ಸೊಸೆಗೆ ಜ್ವರ ಬಂದಾಗ ಮನೆಗೆ ಸೂಪು ತಂದುಕೊಟ್ಟಿದ್ದ. ಅವನ ಹೆಂಡತಿ ತೀರಿಕೊಂಡಾಗ ಸೊಸೆ ಮೂರು ದಿನ ಅವನ ಮನೆಗೆ ಅಡುಗೆ ಕಳಿಸಿದಳು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂಬ ನಮ್ಮ ಪದ್ಧತಿಯನ್ನು ಅವನಿಗೆ ವಿವರಿಸಬೇಕಾಗಿ ಬಂತಂತೆ. ಅವನು ಅತ್ತನಂತೆ.

ವಾಪಸು ಬಂದಾಗ ಆಪಾ ಪೆಟ್ಟಿಗೆ ತೆರೆಯುವ ಮೊದಲೇ ಕೇಳಿದಳು, ಬಿಡಿಸಿದೆಯಾ ಎಂದು. ನಾನು ಸ್ಲೇಟಿನ ಮಾತು ಹೇಳಿದೆ, ಹಳದಿ ಕೊಳವೆಯ ಮಾತು ಹೇಳಿದೆ. ಆಕೆ ತಲೆಗೆ ಸೆರಗು ಎಳೆದುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಅಂಬಿಗನ ಹೆಸರೇನು ಅಂತ ನಾವು ಯಾರೂ ಕೇಳ್ಲೇ ಇಲ್ಲ ನೋಡು" ಎಂದಳು. ಆಕೆಯ ಭಯ ಹೋಗಿಲ್ಲ. ಭಾನುವಾರಗಳಲ್ಲಿ ಮಗಳ ಫೋನು ಬರುವ ತನಕ ಊಟ ಮಾಡುವುದಿಲ್ಲ. ಸೊಸೆಯೂ ನೀರಿನಿಂದ ಎದ್ದವಳು ತಲೆ ಒರೆಸುವ ಮೊದಲು ಫೋನು ಮಾಡುತ್ತಾಳೆ.

ಮೊನ್ನೆ ಸೊಸೆ ಖುಷಿಯಿಂದ ಸುದ್ದಿ ಕೊಟ್ಟಳು. ಸಂಘದ ವಾರ್ಷಿಕ ಸಭೆಯಲ್ಲಿ ಅವಳನ್ನು ಸಾಮಾನುಗಳ ಉಸ್ತುವಾರಿಗೆ ಆರಿಸಿದ್ದಾರೆ. ಸಿಲಿಂಡರು ತುಂಬಿಸುವುದು, ಕೊಳವೆ ತೊಳೆಯುವುದು, ಎರವಲು ಕೊಟ್ಟದ್ದರ ಲೆಕ್ಕ ಇಡುವುದು, ವ್ಯಾನಿಗೆ ಹೇರಿಸುವುದು ಎಲ್ಲ ಇನ್ನು ಮೇಲೆ ಅವಳದೇ. ಆಪಾ ಎಲ್ಲವನ್ನೂ ಗಮನವಿಟ್ಟು ಕೇಳಿ, ಫೋನನ್ನು ನನ್ನ ಕೈಗೆ ಕೊಡುತ್ತ ಮೆಲ್ಲಗೆ ವಿಚಾರಿಸಿದಳು:

"ಈಗಲಾದ್ರೂ ಏನಾದ್ರೂ ಕೊಡ್ತಾರಂತಾ?"